ಕುಲ ಕೇಳುವ ಮುನ್ನ ಕೊರಳು ಅಳೆಯಿರಿ



ಕಳೆದ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುಂಚೆ ಗೋದಾಮನ್ನು ಹೇಗೆ ಸಜ್ಜು ಮಾಡಿಕೊಳ್ಳಬೇಕೆಂದು ಬರೆದಿದ್ದೆವು. ಅದನ್ನು ಓದಿ ಅಕ್ಕಲಕೋಟೆಯ ಒಬ್ಬ ಸಹೋದರಿ ಫೋನ್ ಮಾಡಿದರು. "ಕಾಕಾ, ಗೋದಾಮಿನ ಬೀಗದ ಬಗ್ಗೆ ಬರದ್ರಿ, ಇಲಿ ಬಗ್ಗೆ ಬರದ್ರಿ, ಗೋದಾಮು ಕಾಯೋ ನಾಯಿ ಬಗ್ಗೆ ಒಂದು ಮಾತೂ ಬರೀಲಿಲ್ಲಲ್ರಿ" ಎಂದರು. ಅವರ ಮನೆಯಲ್ಲಿ ಒಂದು ಕ್ರಾಸ್ ನಾಯಿ ಇದೆಯಂತೆ. ಹೊರಗೆ ಕರೆದುಕೊಂಡು ಹೊರಟರೆ ಎತ್ತು ಬಂಡಿ ಎಳೆದಂತೆ ಎಳೆಯುತ್ತದೆಯಂತೆ. ಅವರು ಕೇಳಿದ ಪ್ರಶ್ನೆ ಎರಡು: ಇದು ಯಾವ ಜಾತಿಯ ನಾಯಿ ಎಂದು ತಿಳಿಯುವುದು ಹೇಗೆ? ಇದಕ್ಕೆ ಯಾವ ಬೆಲ್ಟು ಹಾಕಬೇಕು?

ನಾವು ಮೆಟ್ರಿಕ್ ಪಾಸಾದವರು, ಪಶುವೈದ್ಯರಲ್ಲ. ಆದರೆ ಜತ್ತದಲ್ಲಿ ನಲವತ್ತು ವರ್ಷ ಹಗ್ಗ, ತಾಡಪತ್ರಿ, ನವಾರ ಪಟ್ಟಿ ಮಾರಿದವರು. ಮೇಲಾಗಿ ಇದೇ ಎರಡು ಪ್ರಶ್ನೆಗಳು ನಮ್ಮ ಮನೆಯಲ್ಲಿಯೂ ಎದ್ದಿದ್ದವು. ಮೊದಲನೆಯದಕ್ಕೆ ನಾವು ಅತಿಯಾಗಿ ಬೆಲೆ ಕೊಟ್ಟೆವು, ಎರಡನೆಯದನ್ನು ಹಗುರಾಗಿ ತೆಗೆದುಕೊಂಡೆವು. ಅದರ ನಷ್ಟವನ್ನು ನಮ್ಮ ಮನೆಯವರೂ ನಾಯಿಯೂ ಅನುಭವಿಸಿದರು. ನಮ್ಮ ತಪ್ಪು ನಿಮಗೆ ಉಪಯೋಗಕ್ಕೆ ಬರಲಿ ಎಂದು ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೋತ್ಯಾ ಬಂದದ್ದು

2022ರ ಮಳೆಗಾಲದಲ್ಲಿ ನಮ್ಮ ಗೋದಾಮಿನ ಹಿಂದೆ, ಹರಿದ ತಾಡಪತ್ರಿಗಳ ಕೆಳಗೆ, ಒಂದು ಬೀದಿ ನಾಯಿ ನಾಲ್ಕು ಮರಿ ಹಾಕಿತು. ತಾಯಿ ಕಂದು ಬಣ್ಣದ್ದು, ನಮ್ಮ ಕಡೆ ಎಲ್ಲ ಊರಲ್ಲೂ ಕಾಣುವಂಥದ್ದು. ಮೂರು ಮರಿ ತಾಯಿಯ ಹಾಗೇ ಇದ್ದವು. ನಾಲ್ಕನೆಯದು ಮಾತ್ರ ಕರಿ ಮೈ, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕೆ, ಎದೆ ಮತ್ತು ಕಾಲು ಕಂದು. ನಮ್ಮ ಮೊಮ್ಮಗ ಅದನ್ನೇ ಎತ್ತಿಕೊಂಡು ಬಂದ. ನಮ್ಮ ಮನೆಯವರು ಮೊದಲು ಬೇಡವೆಂದರು, ಮೂರನೆಯ ದಿನ ತಾವೇ ಹಾಲು-ರೊಟ್ಟಿ ಕಲಸಿ ಇಟ್ಟರು. ಹೆಸರು ಮೋತ್ಯಾ.

ಒಂದು ವರ್ಷ ತುಂಬುವುದರೊಳಗೆ ಮೋತ್ಯಾ ನಮ್ಮ ತೊಡೆಯ ಎತ್ತರಕ್ಕೆ ಬೆಳೆದ. ಉದ್ದ ಕಾಲು, ಆಳವಾದ ಎದೆ, ಬೆನ್ನಿಗೆ ಹತ್ತಿದಂಥ ಹೊಟ್ಟೆ, ಸಣ್ಣ ತಲೆ, ಉದ್ದ ಕೊರಳು. ಅಂಗಡಿಗೆ ಬಂದವರೆಲ್ಲ ಒಂದೊಂದು ಜಾತಿ ಹೇಳುವರು. ಒಬ್ಬರು ಡಾಬರ್‌ಮನ್ ಎಂದರೆ ಇನ್ನೊಬ್ಬರು ಮುಧೋಳ ಎಂದರು. ನಮಗೂ ಅದೊಂದು ಮೋಜೇ ಆಗಿತ್ತು. ಸಂಬಂಧ ಕೂಡಿಸುವಾಗ ಮನೆತನ ವಿಚಾರಿಸುವ ಅಭ್ಯಾಸ ನಮ್ಮವರಿಗೆ ಹೇಗೂ ಇದ್ದೇ ಇದೆ.

ಮೋಜು ಮುಗಿದದ್ದು 2024ರ ಮಾರ್ಚ್ ತಿಂಗಳಲ್ಲಿ. ಕೇಂದ್ರ ಸರಕಾರದ ಪಶುಸಂಗೋಪನಾ ಇಲಾಖೆ 23 ತಳಿಯ ನಾಯಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ, ಅವುಗಳನ್ನೂ ಅವುಗಳ ಮಿಶ್ರ ಸಂತತಿಯನ್ನೂ ಸಾಕಲು ಪರವಾನಗಿ ಕೊಡಬೇಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಪಟ್ಟಿಯಲ್ಲಿ ರಾಟ್‌ವೈಲರ್ ಹೆಸರಿತ್ತು. ಅದು ಕರಿ ಮೈಗೆ ಕಂದು ಚುಕ್ಕೆಯ ನಾಯಿ. ನಮ್ಮ ಓಣಿಯ ಒಬ್ಬರು ಪತ್ರಿಕೆ ಹಿಡಿದುಕೊಂಡು ಬಂದರು. "ಕಾಕಾ, ನಿಮ್ಮ ಮೋತ್ಯಾ ರಾಟ್‌ವೈಲರ್ ಕ್ರಾಸ್ ಐತ್ರಿ. ಸರಕಾರ ಬಂದ್ ಮಾಡೇತಿ. ಸಣ್ಣ ಹುಡುಗರು ತಿರಗ್ಯಾಡೋ ಓಣಿ ಇದು" ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ, ಹೆದರಿಕೆ ಇತ್ತು. ಅವರ ಹೆದರಿಕೆ ಅಂದಿನಿಂದ ನಮಗೂ ಹತ್ತಿಕೊಂಡಿತು.

ಅದೇ ವಾರ ಬೆಳಿಗ್ಗೆ ನಮ್ಮ ಮನೆಯವರು ಮೋತ್ಯಾನನ್ನು ಕರೆದುಕೊಂಡು ಹೋಗಿದ್ದರು. ಬೇಲಿಯ ಬುಡದಿಂದ ಮೊಲವೊಂದು ಜಿಗಿಯಿತು. ಮೋತ್ಯಾ ಬಾಣದ ಹಾಗೆ ಹಾರಿದ. ಹಗ್ಗವನ್ನು ಅವರು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಬಿದ್ದರು, ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕೆಟ್ಟ ರಕ್ತ ಇದೆ, ದೂರ ಬಿಟ್ಟು ಬನ್ನಿ.

ಮುಳ್ಳಿನ ಪಟ್ಟಾ

ದೂರ ಬಿಡಲು ಮನಸ್ಸಾಗಲಿಲ್ಲ. ವ್ಯಾಪಾರಕ್ಕೆ ದೊಡ್ಡ ಊರಿಗೆ ಹೋದಾಗ ಅಲ್ಲಿಯ ಒಂದು ಅಂಗಡಿಯಲ್ಲಿ ವಿಚಾರಿಸಿದೆವು. ಅವರು ಉಕ್ಕಿನ ಒಂದು ಪಟ್ಟಾ ತೋರಿಸಿದರು. ಒಳಮುಖವಾಗಿ ಮುಳ್ಳುಗಳಿದ್ದವು. ನಾಯಿ ಎಳೆದರೆ ಮುಳ್ಳು ಕೊರಳಿಗೆ ಒತ್ತುತ್ತವೆ, ಆಗ ಎಳೆಯುವುದನ್ನು ಬಿಡುತ್ತದೆ ಎಂದರು. ದುಡ್ಡು ಕೊಟ್ಟು ತಂದು ಹಾಕಿದೆವು. ನಿಜ ಹೇಳಬೇಕೆಂದರೆ ಮೋತ್ಯಾ ಎಳೆಯುವುದು ಕಡಿಮೆಯಾಯಿತು. ಲೆಕ್ಕ ಸರಿಹೋಯಿತು ಎಂದುಕೊಂಡೆವು.

ಎಂಟನೆಯ ದಿನ ಮೊಮ್ಮಗ ಆ ಪಟ್ಟಾ ಕೈಯಲ್ಲಿ ಹಿಡಿದುಕೊಂಡು ಬಂದು, "ಅಜ್ಜಾ, ನೀ ಒಮ್ಮೆ ಹಾಕ್ಕೊಂಡು ನೋಡು" ಎಂದ. ಹುಡುಗನ ಮಾತೆಂದು ನಗುತ್ತಾ ಮುಂಗೈಗೆ ಸುತ್ತಿಕೊಂಡೆವು. ಅವನು ಎಳೆದ. ಹತ್ತು ವರ್ಷದ ಹುಡುಗ, ಅವನ ಬಲವೆಷ್ಟು? ಆದರೂ "ಬಿಡೋ" ಎಂದು ಕೂಗಿದೆವು. ಆಮೇಲೆ ಮೋತ್ಯಾನ ಕೊರಳ ಕೂದಲು ಸರಿಸಿ ನೋಡಿದೆವು. ಸಾಲಾಗಿ ಸಣ್ಣ ಗಾಯಗಳು, ಎರಡು ಕೀವು ಕಟ್ಟಿದ್ದವು.

ಸೋಸದ ನೀರು ಕುಡಿಯದವರು ನಾವು. ದೀಪದ ಹುಳ ಸತ್ತೀತೆಂದು ಹೊತ್ತು ಮುಳುಗುವ ಮುನ್ನ ಊಟ ಮುಗಿಸುವವರು. ಮನೆಯ ಬಾಗಿಲಲ್ಲಿ ಮಲಗುವ ಪ್ರಾಣಿಯ ಕೊರಳಿಗೆ ಎಂಟು ದಿನ ಮುಳ್ಳು ಕಟ್ಟಿದ್ದೆವು, ಅದೂ ದುಡ್ಡು ಕೊಟ್ಟು ತಂದು. ಹಿಮಾಲಯದ ಕುರಿಗಾಹಿಗಳೂ ತಮ್ಮ ನಾಯಿಗೆ ಮುಳ್ಳಿನ ಕಬ್ಬಿಣದ ಪಟ್ಟಾ ಕಟ್ಟುತ್ತಾರೆ. ಆದರೆ ಅದರ ಮುಳ್ಳು ಹೊರಮುಖ, ಚಿರತೆ ಕೊರಳಿಗೆ ಬಾಯಿ ಹಾಕಬಾರದೆಂದು. ಅದು ನಾಯಿಯನ್ನು ಕಾಯುವ ಮುಳ್ಳು. ನಾವು ತಂದದ್ದು ನಾಯಿಯನ್ನೇ ಚುಚ್ಚುವ ಮುಳ್ಳು.

ಮೋತ್ಯಾನನ್ನು ದನದ ದವಾಖಾನೆಗೆ ಕರೆದೊಯ್ದೆವು. ಡಾಕ್ಟರರು ಗಾಯಕ್ಕೆ ಔಷಧಿ ಹಾಕಿ, ನಮ್ಮ ಮಾತನ್ನೆಲ್ಲ ಕೇಳಿ, "ಸಾವಕಾರ್ರ, ನೀವು ಇದರ ಅಪ್ಪ ಯಾರಂತ ಹುಡುಕಾಕತ್ತೀರಿ. ಇದರ ಕೊರಳು ಎಷ್ಟು ಇಂಚು ಅಂತ ಅಳತಿ ಮಾಡೀರೇನು?" ಎಂದರು. ಇಂಚುಪಟ್ಟಿ ಹಿಡಿದೇ ಬದುಕಿದ ನಮಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

ಬಣ್ಣ ನೋಡಿ ಜಾತಿ ಹೇಳಬಹುದೇ?

ಮೊದಲ ಪ್ರಶ್ನೆಗೆ ಬರೋಣ. ಆ ಡಾಕ್ಟರರಿಂದ ಕೇಳಿದ್ದು, ಆಮೇಲೆ ಓದಿದ್ದು, ಎರಡನ್ನೂ ಕೂಡಿಸಿ ಹೇಳುತ್ತೇವೆ.

ಕರಿ ಮೈಗೆ ಕಂದು ಚುಕ್ಕೆ ರಾಟ್‌ವೈಲರ್‌ನ ಸ್ವತ್ತಲ್ಲ. ಅದು ಬಹಳ ಹಳೆಯ ನಮೂನೆ, ಹಳ್ಳಿಯ ನಾಯಿಗಳಲ್ಲೂ ಹಿಮಾಲಯದ ನಾಯಿಗಳಲ್ಲೂ ಇದೆ. ಈ ನಮೂನೆ ಮರಿಯಲ್ಲಿ ಕಾಣಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪಾಲು ಬರಬೇಕು. ಒಂದೇ ಪಾಲು ಇದ್ದರೆ ಕಂದು ಬಣ್ಣದ ಕೆಳಗೆ ಅಡಗಿರುತ್ತದೆ. ಆದ್ದರಿಂದ ತಂದೆ-ತಾಯಿ ಇಬ್ಬರೂ ಕಂದು ಇದ್ದು, ಇಬ್ಬರಲ್ಲೂ ಆ ಪಾಲು ಅಡಗಿದ್ದರೆ, ಸರಾಸರಿ ನಾಲ್ಕು ಮರಿಗೆ ಒಂದು ಕರಿ-ಕಂದು ಹುಟ್ಟಬಹುದು. ಅಜ್ಜನ ಮೂಗು ಮಗನನ್ನು ಬಿಟ್ಟು ಮೊಮ್ಮಗನಿಗೆ ಬಂದದ್ದನ್ನು ನಾವೆಲ್ಲ ಕಂಡಿದ್ದೇವಲ್ಲ, ಹಾಗೆಯೇ ಇದು. ಇನ್ನೊಂದು ಮಾತು: ನಾಯಿಯ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರು ಇರುವುದೂ ಉಂಟು. ಅಣ್ಣನನ್ನು ನೋಡಿ ತಮ್ಮನ ವಂಶ ಹೇಳುವಂತಿಲ್ಲ.

ಅಮೆರಿಕೆಯಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಬಸೆಂಜಿ ಮತ್ತು ಕಾಕರ್ ಸ್ಪ್ಯಾನಿಯೆಲ್ ಎಂಬ ಎರಡು ತಳಿಗಳನ್ನು ಕೂಡಿಸಿ ಪೀಳಿಗೆಗಳನ್ನು ಗಮನಿಸಿದರು. 1965ರಲ್ಲಿ ಅವರ ಪುಸ್ತಕ ಬಂತು. ಹುಟ್ಟಿದ ಮರಿಗಳಲ್ಲಿ ಎಷ್ಟೋ ಮರಿಗಳಿಗೆ ಎರಡೂ ಕಡೆಯ ಹೋಲಿಕೆ ಇರಲಿಲ್ಲ. 2009ರಲ್ಲಿ ಅದೇ ದೇಶದಲ್ಲಿ 20 ಮಿಶ್ರ ನಾಯಿಗಳನ್ನು ತೆಗೆದುಕೊಂಡು, ಕಣ್ಣಿನಿಂದ ನೋಡಿ ಹೇಳಿದ ಜಾತಿಯನ್ನು ಡಿಎನ್‌ಎ ಪರೀಕ್ಷೆಯ ಜೊತೆ ತಾಳೆ ನೋಡಿದರು. ಹೆಚ್ಚಿನವು ತಾಳೆಯಾಗಲಿಲ್ಲ. ಹಾಗೆ ಹೇಳಿದವರು ದಿನಾಲೂ ನಾಯಿಗಳ ನಡುವೆ ಕೆಲಸ ಮಾಡುವವರು. ಇನ್ನು ನಮ್ಮ ಅಂಗಡಿ ಕಟ್ಟೆಯ ಪಂಡಿತರ ಪಾಡೇನು?

ಸ್ವಭಾವದ ಮಾತು ಇನ್ನೂ ಮುಖ್ಯ. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡತೆಯನ್ನು ಅವುಗಳ ಯಜಮಾನರಿಂದ ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದರು. ಒಂದು ನಾಯಿಗೂ ಇನ್ನೊಂದಕ್ಕೂ ನಡತೆಯಲ್ಲಿರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ನೂರಕ್ಕೆ 9 ಮಾತ್ರ ಎಂದು ಕಂಡುಬಂತು. ಉಳಿದದ್ದು ಆ ನಾಯಿಯದೇ ಗುಣ, ವಯಸ್ಸು, ಬೆಳೆಸಿದ ರೀತಿ. ಹಾಗೆಂದು ಗಟ್ಟಿ ದವಡೆಯ ದೊಡ್ಡ ನಾಯಿಯ ವಿಷಯದಲ್ಲಿ ಮೈಮರೆಯಿರಿ ಎಂದು ನಾವು ಹೇಳುತ್ತಿಲ್ಲ. ಯಾವ ನಾಯಿಯನ್ನೂ ಸಣ್ಣ ಮಕ್ಕಳ ಜೊತೆ ಒಂಟಿಯಾಗಿ ಬಿಡಬಾರದು. ಆದರೆ ಚುಕ್ಕೆ ನೋಡಿ ಗುಣ ತೀರ್ಮಾನಿಸಬೇಡಿರಿ.

ಆ ಸುತ್ತೋಲೆಯ ಗತಿ ಏನಾಯಿತು ಎಂದು ಕೇಳುತ್ತೀರಿ. ಅದು ಹಲವು ಉಚ್ಚ ನ್ಯಾಯಾಲಯಗಳ ಮೆಟ್ಟಿಲೇರಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2024ರ ಏಪ್ರಿಲ್ ತಿಂಗಳಲ್ಲಿ ಅದನ್ನು ರದ್ದು ಮಾಡಿತು. ನಮ್ಮ ಓಣಿಯ ಆ ಗೃಹಸ್ಥರಿಗೆ ಈ ಸುದ್ದಿಯನ್ನು ನಾವೇ ಓದಿ ಹೇಳಿದೆವು. ಆದರೆ ಅವರ ಹೆದರಿಕೆ ಕೋರ್ಟಿನ ಮಾತಿಗೆ ಹೋಗಲಿಲ್ಲ. ಮೋತ್ಯಾ ಸರಿಯಾಗಿ ನಡೆಯುವುದನ್ನು ಕಂಡ ಮೇಲೆ ಹೋಯಿತು.

ಹಾಗಾದರೆ ಮೋತ್ಯಾ ಯಾರು? ನಮ್ಮ ಅಂದಾಜು ಹೇಳುತ್ತೇವೆ, ಅಂದಾಜೆಂದೇ ತೆಗೆದುಕೊಳ್ಳಿರಿ. ಮಾಡಗ್ಯಾಳದ ಕಡೆಯ ಕುರಿಗಾರರು ನಮ್ಮ ಊರ ಹೊರಗೆ ಹಟ್ಟಿ ಹಾಕುವುದುಂಟು. ಅವರ ಜೊತೆ ಕರವಾನಿ ನಾಯಿಗಳಿರುತ್ತವೆ. ಇದನ್ನೇ ಕರ್ನಾಟಕದಲ್ಲಿ ಮುಧೋಳ ನಾಯಿ ಎನ್ನುತ್ತಾರೆ. ಮೈಗೆ ಸಣ್ಣ ಕೂದಲಿದ್ದರೆ ಕರವಾನಿ, ಕಿವಿ-ಬಾಲಕ್ಕೆ ಜಾಲರಿ ಕೂದಲಿದ್ದರೆ ಪಷ್ಮಿ. ಮುಧೋಳದ ಘೋರ್ಪಡೆ ಸಂಸ್ಥಾನಿಕರು ಈ ತಳಿಯನ್ನು ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು, 2020ರಲ್ಲಿ ಇದು ದೇಶದ ತಳಿಗಳ ದಾಖಲೆಗೆ ಸೇರಿತು. ಓಟದ ನಾಯಿ, ವಾಸನೆಗಿಂತ ಕಣ್ಣಿನಿಂದ ಬೇಟೆ ಕಾಣುವ ನಾಯಿ. ಮೋತ್ಯಾನ ಕಾಲು, ಎದೆ, ಕೊರಳು ಅದರ ಹಾಗಿವೆ, ಓಡುವುದನ್ನು ಕಂಡರೆ ಕಣ್ಣು ಕೀಲಿಸುತ್ತಾನೆ. ಉಳಿದದ್ದು ತಾಯಿಯ ಪಾಲು. ತಾಯಿಯನ್ನು ಕಂತ್ರಿ ಎಂದು ಕರೆದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಹಳ್ಳಿ ನಾಯಿ ಹತ್ತು ತಳಿಗಳ ಕಲಬೆರಕೆಯಲ್ಲ, ಸಾವಿರಾರು ವರ್ಷ ಈ ನೆಲದಲ್ಲಿ ತಾನೇ ಬದುಕಿ ಬಂದ ಹಳೆಯ ನಾಯಿ.

ಈಗ ಜೊಲ್ಲಿನ ಮಾದರಿ ಕಳಿಸಿದರೆ ವಂಶ ಹೇಳುವ ಪರೀಕ್ಷೆಗಳಿವೆ. ಮಾಡಿಸುವವರು ಮಾಡಿಸಲಿ. ಆದರೆ ಆ ಕಂಪನಿಯ ಸಂಗ್ರಹದಲ್ಲಿ ಯಾವ ನಾಯಿಗಳ ಮಾದರಿ ಇದೆಯೋ ಅದಕ್ಕೇ ಅವರು ತಾಳೆ ನೋಡುತ್ತಾರೆ. ನಮ್ಮ ಕಡೆಯ ನಾಯಿಗಳ ಮಾದರಿ ಅವರಲ್ಲಿ ಇಲ್ಲದಿದ್ದರೆ ಇರುವುದರಲ್ಲೇ ಹತ್ತಿರದ್ದನ್ನು ಹೇಳುತ್ತಾರೆ. ಅಂಗಡಿಯಲ್ಲಿ ಎರಡೇ ಅಳತೆಯ ತಾಡಪತ್ರಿ ಇದ್ದರೆ ಗಿರಾಕಿಗೆ ಅವೆರಡರಲ್ಲಿ ಒಂದನ್ನೇ ಕೊಡುತ್ತೇವಲ್ಲ, ಹಾಗೆ.

ಯಾವ ಪಟ್ಟಾ, ಯಾರಿಗೆ?

ಇನ್ನು ನಮ್ಮ ಕಸುಬಿಗೆ ಸೇರಿದ ಮಾತು. ಮೊದಲು ಎರಡು ಅಳತೆ ತೆಗೆಯಿರಿ. ಕಿವಿಯ ಹಿಂದೆ ಕೊರಳಿನ ಸುತ್ತಳತೆ ಒಂದು, ಕಿವಿಯ ಮುಂದೆ ತಲೆಯ ಅತಿ ಅಗಲ ಭಾಗದ ಸುತ್ತಳತೆ ಒಂದು. ಮೋತ್ಯಾನ ಕೊರಳು 15 ಇಂಚು, ತಲೆ 14 ಇಂಚು ಬಂತು. ಅಂದರೆ ಸಾಧಾರಣ ಪಟ್ಟಾ ಎಷ್ಟು ಚೆನ್ನಾಗಿದ್ದರೂ ಅವನು ಹಿಂದಕ್ಕೆ ಜಗ್ಗಿದರೆ ತಲೆಯ ಮೇಲಿಂದ ಜಾರಿ ಬರುತ್ತದೆ. ಈ ಮಾತು ಅವನ ಅಪ್ಪ ಯಾರೆಂದು ತಿಳಿಯದೆಯೂ ಇಂಚುಪಟ್ಟಿಯೇ ಹೇಳಿತು.

ಸಾಧಾರಣ ಪಟ್ಟಾ: ಕೊರಳಿಗಿಂತ ತಲೆ ದಪ್ಪಗಿರುವ, ಹೆಚ್ಚು ಎಳೆಯದ ನಾಯಿಗೆ ಇದು ಸಾಕು. ಪಟ್ಟಾದ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ಬೆಳೆಯುವ ಮರಿಗೆ ವಾರಕ್ಕೊಮ್ಮೆ ನೋಡಿರಿ, ಮರೆತರೆ ಚರ್ಮದಲ್ಲಿ ಹೂತುಹೋಗುತ್ತದೆ. ಫೋನ್ ನಂಬರಿನ ಬಿಲ್ಲೆ ಇದಕ್ಕೇ ಹಾಕಿರಿ.

ಎರಡು ಕುಣಿಕೆಯ ಪಟ್ಟಾ: ಇದಕ್ಕೆ ಮಾರ್ಟಿಂಗೇಲ್ ಎನ್ನುತ್ತಾರೆ. ದೊಡ್ಡ ಕುಣಿಕೆ ಕೊರಳಿಗೆ, ಅದರ ಎರಡು ತುದಿಯ ರಿಂಗುಗಳಲ್ಲಿ ಓಡುವ ಸಣ್ಣ ಕುಣಿಕೆಗೆ ಹಗ್ಗ. ನಾಯಿ ಜಗ್ಗಿದಾಗ ಸಣ್ಣ ಕುಣಿಕೆ ದೊಡ್ಡದನ್ನು ಬಿಗಿ ಮಾಡುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ತಲೆ ಸಣ್ಣ, ಕೊರಳು ದಪ್ಪ ಇರುವ ಓಟದ ನಾಯಿಗಳಿಗೆ ಇದೇ ಸರಿ. ಪೂರ್ತಿ ಬಿಗಿಯಾದಾಗ ಎರಡು ರಿಂಗುಗಳು ಒಂದಕ್ಕೊಂದು ತಾಗಬಾರದು, ನಡುವೆ ಎರಡು ಬೆರಳು ಅಂತರ ಉಳಿಯಬೇಕು. ತಾಗಿದರೆ ಪಟ್ಟಾ ಸಡಿಲ ಎಂದರ್ಥ. ಇದನ್ನು ಹಾಕಿ ನಾಯಿಯನ್ನು ಕಟ್ಟಿಹಾಕಬೇಡಿರಿ, ಒಂಟಿಯಾಗಿ ಬಿಡಬೇಡಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಉರುಲಾದೀತು.

ಎದೆಪಟ್ಟಿ: ಪೇಟೆಯಲ್ಲಿ ಹಾರ್ನೆಸ್ ಎಂದು ಕೇಳಿರಿ. ಬಲವಾಗಿ ಎಳೆಯುವ ನಾಯಿಗೆ ನಮ್ಮ ಮೊದಲ ಸಲಹೆ ಇದೇ. ಕೊರಳಲ್ಲಿ ಶ್ವಾಸನಾಳವಿದೆ. ಕೊರಳ ಪಟ್ಟಾದಲ್ಲಿ ಎಳೆದಾಗ ನಾಯಿಯ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ, ಎದೆಪಟ್ಟಿಯಲ್ಲಿ ಹಾಗೆ ಏರುವುದಿಲ್ಲ ಎಂದು 2006ರ ಒಂದು ಅಧ್ಯಯನ ತೋರಿಸಿತು. 2020ರಲ್ಲಿ ಇಂಗ್ಲೆಂಡಿನಲ್ಲಿ ಕೃತಕ ಕೊರಳಿಗೆ ಬಗೆಬಗೆಯ ಪಟ್ಟಾ ಕಟ್ಟಿ ಎಳೆದು ಅಳೆದರು. ಜೋರಾಗಿ ಎಳೆದಾಗ ಯಾವ ಪಟ್ಟಾವೂ ನಿರಪಾಯವಲ್ಲ ಎಂದು ತಿಳಿಯಿತು.

ಆದರೆ ಒಂದು ಎಚ್ಚರಿಕೆ. ಟಾಂಗಾ ಕುದುರೆಯನ್ನು ನೆನಪಿಸಿಕೊಳ್ಳಿರಿ. ಭಾರ ಕೊರಳಿಗೆ ಬಿದ್ದರೆ ಅದು ಎಳೆಯಲಾರದು, ಎದೆಗೆ ಬಿದ್ದರೆ ಮೈಬಲವೆಲ್ಲ ಹಾಕಿ ಎಳೆಯುತ್ತದೆ. ಬೆನ್ನ ಮೇಲೆ ಮಾತ್ರ ರಿಂಗ್ ಇರುವ ಎದೆಪಟ್ಟಿಯೂ ಹಾಗೆಯೇ, ಎಳೆಯುವ ನಾಯಿಗೆ ಎಳೆಯಲು ಇನ್ನಷ್ಟು ಸಲೀಸು. ಆದ್ದರಿಂದ ಎದೆಯ ಮುಂದೆಯೂ ಒಂದು ರಿಂಗ್ ಇರುವುದನ್ನು ಆರಿಸಿರಿ. ಹಗ್ಗ ಮುಂದಿದ್ದರೆ ನಾಯಿ ಎಳೆದ ಕೂಡಲೆ ಅದರ ಮೈ ನಮ್ಮ ಕಡೆಗೇ ತಿರುಗುತ್ತದೆ, ಬಲ ವ್ಯರ್ಥವಾಗುತ್ತದೆ. ಅಡ್ಡ ಪಟ್ಟಿ ಭುಜದ ಮೇಲೆ ಬಂದರೆ ಕಾಲಿನ ಚಲನೆಗೆ ತೊಡಕು. ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಕೂಡುವುದು ಒಳ್ಳೆಯದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿರಿ. ಕಂಕುಳಲ್ಲಿ ಉಜ್ಜಿ ಗಾಯವಾಗದಂತೆ ನೋಡಿರಿ.

ಬೇಡವಾದವು: ಮಿತಿಯಿಲ್ಲದೆ ಬಿಗಿಯುವ ಸರಪಳಿ ಉರುಲು, ಒಳಮುಳ್ಳಿನ ಪಟ್ಟಾ, ವಿದ್ಯುತ್ ಹೊಡೆತದ ಪಟ್ಟಾ. ಕೊನೆಯದನ್ನು ಬ್ರಿಟನ್ನಿನ ವೇಲ್ಸ್ ಪ್ರಾಂತ 2010ರಲ್ಲಿಯೇ ನಿಷೇಧಿಸಿತು. ನೋವಿಗೆ ಹೆದರಿ ನಿಂತ ನಾಯಿ ಕಲಿತದ್ದಲ್ಲ, ಹೆದರಿದ್ದು ಮಾತ್ರ. ಎದುರಿಗೆ ಒಂದು ಮಗು ಬಂದಾಗಲೆಲ್ಲ ಕೊರಳು ಚುಚ್ಚಿದರೆ ನಾಯಿ ಆ ನೋವನ್ನು ಮಗುವಿನ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಆಗ ನಾವೇ ಕೆಟ್ಟ ನಾಯಿಯನ್ನು ತಯಾರಿಸಿದಂತಾಗುತ್ತದೆ.

ಅಗಲದ ಬಗ್ಗೆ ಒಂದು ಮಾತು. ನಮ್ಮ ಹಮಾಲರು ಭಾರ ಹೊರುವಾಗ ಹುರಿ ಹೆಗಲಿಗೆ ಹಾಕಿಕೊಳ್ಳುವುದಿಲ್ಲ, ಅಗಲ ಪಟ್ಟಿ ಹಾಕಿಕೊಳ್ಳುತ್ತಾರೆ. ಒಂದೇ ಭಾರ ಒಂದು ಇಂಚಿನ ಬದಲು ಎರಡು ಇಂಚಿನ ಮೇಲೆ ಹರಡಿದರೆ ಒತ್ತಡ ಅರ್ಧವಾಗುತ್ತದೆ. ಉದ್ದ ಕೊರಳಿನ ನಾಯಿಗೆ ಎರಡು ಇಂಚು ಅಗಲವಿರಲಿ. ಚರ್ಮದ ಪಟ್ಟಾ ನಮ್ಮ ಹೊಸ್ತಿಲು ದಾಟುವುದಿಲ್ಲ, ಅದರ ಅಗತ್ಯವೂ ಇಲ್ಲ. ಮೋತ್ಯಾನ ಎರಡು ಕುಣಿಕೆಯ ಪಟ್ಟಾವನ್ನು ಮಂಚಕ್ಕೆ ಹಾಕುವ ಹತ್ತಿಯ ನವಾರದಿಂದಲೇ, ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಹೊಲಿಸಿದೆವು. ಕೊಳ್ಳುವುದಾದರೆ ಮೂರು ಕಡೆ ನೋಡಿರಿ: ರಿಂಗ್ ಬೆಸುಗೆ ಹಾಕಿದ್ದಿರಬೇಕು, ಬಾಯಿ ಬಿಟ್ಟಿರಬಾರದು. ಹೊಲಿಗೆ ಚೌಕದೊಳಗೆ ಗುಣಾಕಾರ ಚಿಹ್ನೆಯಂತೆ ಅಡ್ಡ ಹಾಯ್ದಿರಬೇಕು. ಪ್ಲಾಸ್ಟಿಕ್ ಬಕಲ್ ಇದ್ದರೆ ಆಗಾಗ ಬಗ್ಗಿಸಿ ನೋಡಿರಿ, ನಮ್ಮ ಕಡೆಯ ಬಿಸಿಲಿಗೆ ಅದು ಬಿರುಕು ಬಿಡುತ್ತದೆ.

ಹಗ್ಗದ ಇನ್ನೊಂದು ತುದಿ

ಎಷ್ಟೇ ಒಳ್ಳೆಯ ಪಟ್ಟಾ ಇದ್ದರೂ ಹಗ್ಗದ ಇನ್ನೊಂದು ತುದಿಯಲ್ಲಿ ನಾವಿದ್ದೇವೆ. ಹಗ್ಗ ಐದಾರು ಅಡಿ ಸಾಕು. ತಾನೇ ಸುತ್ತಿಕೊಳ್ಳುವ ಡಬ್ಬಿಯ ಹಗ್ಗ ಎಳೆಯುವ ನಾಯಿಗೆ ಬೇಡ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿರಿ. ಕುಣಿಕೆಯೊಳಗೆ ಹೆಬ್ಬೆರಳು ತೂರಿಸಿ ಮುಷ್ಟಿ ಹಿಡಿಯಿರಿ, ಕೊನೆಯ ಗಳಿಗೆಯಲ್ಲಿ ಬಿಟ್ಟುಬಿಡಲು ಬರಬೇಕು. ನಮ್ಮ ಮನೆಯವರ ಮಣಿಕಟ್ಟು ಮುರಿಯಲು ಮೊಲ ಅರ್ಧ ಕಾರಣ, ಆ ಎರಡು ಸುತ್ತು ಅರ್ಧ ಕಾರಣ.

ನಡೆಯಲು ಕಲಿಸುವುದು ಹೀಗೆ: ಹಗ್ಗ ಬಿಗಿಯಾಯಿತೋ, ನಿಂತುಬಿಡಿರಿ. ಬೈಯಬೇಡಿರಿ, ಜಗ್ಗಬೇಡಿರಿ. ನಾಯಿ ತಿರುಗಿ ನೋಡಿ ಹಗ್ಗ ಸಡಿಲಾದ ಕೂಡಲೆ ಒಂದು ಚೂರು ತಿನಿಸು ಕೊಟ್ಟು ಮುಂದೆ ನಡೆಯಿರಿ. ಎಳೆದರೆ ದಾರಿ ಸಾಗದು, ಎಳೆಯದಿದ್ದರೆ ಸಾಗುತ್ತದೆ ಎಂಬ ಲೆಕ್ಕ ನಾಯಿಗೆ ಬೇಗ ತಿಳಿಯುತ್ತದೆ. ಮೊದಲ ದಿನ ಮನೆಯಿಂದ ದೀಪದ ಕಂಬದವರೆಗೆ ಹೋಗಲು ನಮಗೆ ಅರ್ಧ ಗಂಟೆ ಹಿಡಿಯಿತು. ಓಣಿಯವರೆಲ್ಲ ನಕ್ಕರು. ಎರಡು ತಿಂಗಳಲ್ಲಿ ಮೋತ್ಯಾ ಪಕ್ಕದಲ್ಲಿ ನಡೆಯತೊಡಗಿದ. ತಿನಿಸಿಗೆ ಕಟಕ ರೊಟ್ಟಿಯ ಚೂರು, ಉಪ್ಪಿಲ್ಲದ ಹುರಿದ ಶೇಂಗಾ ಸಾಕು. ಆದರೆ ನಮ್ಮದು ದ್ರಾಕ್ಷಿಯ ಸೀಮೆ, ಆದ್ದರಿಂದ ಒತ್ತಿ ಹೇಳುತ್ತೇವೆ: ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡ ಕೆಡಿಸುತ್ತವೆ. ಪ್ರೀತಿಯಿಂದಲೂ ಕೊಡಬೇಡಿರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ಬೇಡ, ಅವು ನಮ್ಮ ಅಡುಗೆಮನೆಯಲ್ಲಿ ಹೇಗೂ ಇಲ್ಲ.

ದಿನವೆಲ್ಲ ಸರಪಳಿಯಲ್ಲಿ ಕಟ್ಟಿದ ನಾಯಿ ಬಿಚ್ಚಿದಾಗ ಎಳೆಯದೆ ಇನ್ನೇನು ಮಾಡೀತು? 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರುವುದನ್ನೂ, ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದನ್ನೂ ಅಪರಾಧವೆನ್ನುತ್ತದೆ. ಗೋದಾಮು ಕಾಯಲು ನಾಯಿ ಸಾಕಿದ ನಮ್ಮ ವ್ಯಾಪಾರಿ ಬಂಧುಗಳು ಇದನ್ನು ಗಮನಿಸಬೇಕು.

ಜೀವಂಧರ ಕುಮಾರನ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಪೆಟ್ಟು ತಿಂದು ಸಾಯುತ್ತ ಬಿದ್ದಿದ್ದ ನಾಯಿಯ ಕಿವಿಯಲ್ಲಿ ಆತ ಪಂಚನಮಸ್ಕಾರ ಮಂತ್ರ ಹೇಳಿದ, ಆ ಜೀವ ಸುದರ್ಶನ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೇ ನೆರವಾಯಿತು. ಅದು ಯಾವ ಜಾತಿಯ ನಾಯಿ ಎಂದು ಜೀವಂಧರ ಕೇಳಿದನೆಂದು ಕಥೆಯಲ್ಲಿ ಎಲ್ಲಿಯೂ ಇಲ್ಲ. ಕಥೆ ಹೇಳುವ ನಾವು ಅದನ್ನು ಮರೆತೆವು, ಹತ್ತು ವರ್ಷದ ಹುಡುಗ ನೆನಪು ಮಾಡಿಕೊಟ್ಟ.

ಆ ಉಕ್ಕಿನ ಪಟ್ಟಾವನ್ನು ನಾವು ಮಾರಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಮುರಿಸಿ ಗುಜರಿಗೆ ಹಾಕಿದೆವು. ನಮ್ಮ ಮನೆಯವರ ಕೈ ಕೂಡಿಕೊಂಡಿದೆ, ಚಳಿಗಾಲದಲ್ಲಿ ಸ್ವಲ್ಪ ನೋಯುತ್ತದೆ. ಈಗ ಬೆಳಿಗ್ಗೆ ಮೋತ್ಯಾನನ್ನು ಮತ್ತೆ ಅವರೇ ಕರೆದುಕೊಂಡು ಹೋಗುತ್ತಾರೆ, ಎದೆಪಟ್ಟಿಗೆ ಒಂದು ಹಗ್ಗ, ಕೊರಳ ಪಟ್ಟಾಕ್ಕೆ ಭದ್ರತೆಗೆಂದು ಇನ್ನೊಂದು. ಪತ್ರಿಕೆ ಹಿಡಿದುಕೊಂಡು ಬಂದಿದ್ದ ಗೃಹಸ್ಥರು ಒಮ್ಮೊಮ್ಮೆ ಗೇಟಿನ ಬಳಿ ನಿಂತು, "ಯಾವ ಜಾತಿ ಅಂತ ಗೊತ್ತಾತೇನ್ರಿ ಕಾಕಾ?" ಎಂದು ಕೇಳುತ್ತಾರೆ. "ಹದಿನೈದು ಇಂಚು" ಎನ್ನುತ್ತೇವೆ.

ಅಕ್ಕಲಕೋಟೆಯ ಸಹೋದರಿಗೆ ನಮ್ಮ ಉತ್ತರ ಇಷ್ಟೇ: ನಾಳೆ ಬೆಳಿಗ್ಗೆ ಇಂಚುಪಟ್ಟಿ ತೆಗೆದುಕೊಂಡು ನಿಮ್ಮ ನಾಯಿಯ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಕೊರಳು, ತಲೆ, ಎದೆ, ಮೂರು ಅಳತೆ ಬರೆದು ನಮಗೆ ಫೋನ್ ಮಾಡಿರಿ. ನವಾರ ನಮ್ಮ ಅಂಗಡಿಯದು, ಹೊಲಿಗೆ ಕೂಲಿ ನಿಮ್ಮದು.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.